ಹಗುರವೆಂದುಕೊಂಡ ನಾಷ್ಟಾ: ರಬಕವಿ-ಬನಹಟ್ಟಿಯ ನೇಕಾರರೊಬ್ಬರ ಪ್ರಕರಣ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ನಡೆಸುವ 54 ವರ್ಷದ ನೇಕಾರರೊಬ್ಬರು ಆಹಾರದ ಸಲಹೆಗಾಗಿ ನನ್ನ ಬಳಿ ಬಂದಾಗ ಅವರಿಗೆ ಎರಡನೇ ಬಗೆಯ ಮಧುಮೇಹ ಪತ್ತೆಯಾಗಿ ಆರು ವರ್ಷವಾಗಿತ್ತು. ಗುರುತು ಸಿಗಬಾರದೆಂಬ ಕಾರಣಕ್ಕೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊಟದ ವಿವರಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪ್ರಕರಣದ ಜೀವ ಇರುವುದೇ ಅಲ್ಲಿ. ದಿನಕ್ಕೆ ಎರಡು ಸಲ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ಮುಂಜಾನೆಯ ನಾಷ್ಟಾಕ್ಕೆ ಮೊದಲು ಗ್ಲಿಮೆಪಿರೈಡ್ 1 ಮಿಲಿಗ್ರಾಂ, ಇವು ಅವರ ಔಷಧಿಗಳು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಶೇ 8.7ಕ್ಕೆ ಏರಿತ್ತು. ಅವರಿಗಿದ್ದ ದೊಡ್ಡ ಬೇಸರವೆಂದರೆ ಅನ್ನವನ್ನು ಸಂಪೂರ್ಣ ಬಿಟ್ಟು, ಹಬ್ಬದ ಹೋಳಿಗೆಯನ್ನೂ ಮುಟ್ಟದೆ, ಎರಡು ವರ್ಷದಿಂದ ಪಥ್ಯ ಹಿಡಿದರೂ ಸಕ್ಕರೆ ಇಳಿಯುತ್ತಿಲ್ಲವೆಂಬುದು. ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸುವ ಮೊದಲು ಒಮ್ಮೆ ಆಹಾರವನ್ನು ಸರಿಯಾಗಿ ನೋಡಿಸಿಕೊಂಡು ಬನ್ನಿ ಎಂದು ಕಳಿಸಿದ್ದರು.

ಮೊದಲ ಭೇಟಿಯಲ್ಲಿ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೇಳುವಂತೆ ಕೇಳಿದೆ. ಬೆಳಗ್ಗೆ ಐದೂವರೆಗೆ ಒಂದು ಚಹಾ, ಜೊತೆಗೆ ಮೂರು-ನಾಲ್ಕು ಟೋಸ್ಟ್. ಆರು ಗಂಟೆಗೆ ಮಗ್ಗ ಶುರು. ಒಂಬತ್ತರ ಸುಮಾರಿಗೆ ಹತ್ತಿರದ ಅಂಗಡಿಯಿಂದ ಒಂದು ಪ್ಲೇಟ್ ಸುಸಲಾ (ತೋಯಿಸಿದ ಚುರಮುರಿಯ ಒಗ್ಗರಣೆ), ಎರಡು ಮಿರ್ಚಿ ಭಜಿ, ಮತ್ತೊಂದು ಚಹಾ. ಮಧ್ಯಾಹ್ನ ಒಂದೂವರೆಗೆ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮೊಸರು. ಸಂಜೆ ಚಹಾ. ರಾತ್ರಿ ಹತ್ತೂವರೆಗೆ ಮತ್ತೆ ರೊಟ್ಟಿ. ಚಹಾಕ್ಕೆ ಸಕ್ಕರೆ ಹಾಕುತ್ತೀರಾ ಎಂದು ಕೇಳಿದಾಗ, ಸಕ್ಕರೆ ಬಿಟ್ಟು ವರ್ಷವಾಯಿತೆಂದೂ, ಮಹಾಲಿಂಗಪುರದ ಬೆಲ್ಲವನ್ನು ಹಾಕಿಕೊಳ್ಳುತ್ತಿರುವುದಾಗಿಯೂ ಹೆಮ್ಮೆಯಿಂದಲೇ ಹೇಳಿದರು. ಮಹಾಲಿಂಗಪುರದ ಬೆಲ್ಲದ ಪೇಟೆ ಅವರ ಊರಿನ ಪಕ್ಕದಲ್ಲೇ ಇದೆ, ಒಳ್ಳೆಯ ಬೆಲ್ಲ ಸುಲಭವಾಗಿ ಸಿಗುತ್ತದೆ. ಆದರೆ ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಅದರಲ್ಲಿರುವ ಅಲ್ಪಸ್ವಲ್ಪ ಖನಿಜಾಂಶ ರಕ್ತಕ್ಕೆ ಸೇರುವ ಗ್ಲೂಕೋಸನ್ನು ಕಡಿಮೆ ಮಾಡುವುದಿಲ್ಲ.

ಸುಸಲಾದ ವಿಷಯಕ್ಕೆ ಬಂದಾಗ ಅವರು ಆಡಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಇದೆ: "ಚುರಮುರಿ ಹಗೂರ ಅಲ್ರೀ, ಹೊಟ್ಟಿಗೇನೂ ಭಾರ ಆಗಂಗಿಲ್ಲ. ಭಾರ ಆಗೂದು ಮಧ್ಯಾಹ್ನದ ರೊಟ್ಟಿ." ಸಕ್ಕರೆ ಏರುವುದು ರೊಟ್ಟಿಯಿಂದಲೇ ಎಂದು ನಂಬಿ ಅವರು ನಾಲ್ಕಿದ್ದ ರೊಟ್ಟಿಯನ್ನು ಎರಡಕ್ಕೆ ಇಳಿಸಿದ್ದರು, ಮತ್ತು ಆ ಹಸಿವನ್ನು ತುಂಬಲು ಮುಂಜಾನೆಯ ಸುಸಲಾವನ್ನು ಹೆಚ್ಚಿಸಿಕೊಂಡಿದ್ದರು. ನಮ್ಮ ಭಾಗದಲ್ಲಿ ಜ್ವರ ಬಂದವರಿಗೂ, ವಯಸ್ಸಾದವರಿಗೂ ಚುರಮುರಿ ಕೊಡುವುದು ರೂಢಿ. ಹೊಟ್ಟೆಗೆ ಹಗುರ ಎಂಬ ಮಾತು ಸುಳ್ಳೇನಲ್ಲ. ಆದರೆ ಬೇಗ ಅರಗುವುದನ್ನೇ ನಾವು ಹಗುರ ಎನ್ನುತ್ತೇವೆ, ಮತ್ತು ಬೇಗ ಅರಗುವ ಪಿಷ್ಟವೇ ಬೇಗ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ. ಮಧುಮೇಹ ಇದ್ದವರ ಮಟ್ಟಿಗೆ ಹೊಟ್ಟೆಯ ಹಗುರ ರಕ್ತದ ಭಾರವಾಗುತ್ತದೆ ಎಂಬುದನ್ನು ಅವರಿಗೆ ಮಾತಿನಲ್ಲಿ ಹೇಳಿದರೆ ಸಾಲದು, ಅವರ ಬೆರಳ ತುದಿಯ ರಕ್ತದಲ್ಲೇ ತೋರಿಸಬೇಕೆಂದು ನನಗೆ ಅನಿಸಿತು.

ಅದಕ್ಕೂ ಮೊದಲು ಬಿಡಿಸಬೇಕಾದ ಗಂಟು ಇನ್ನೊಂದಿತ್ತು. ಪ್ರಯೋಗಾಲಯದ ಚೀಟಿಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 171 ಎಂದಿತ್ತು. ಅಂದು ಬೆಳಗ್ಗೆ ಏನೂ ತಿಂದಿರಲಿಲ್ಲವೇ ಎಂದರೆ ಇಲ್ಲ ಎಂದರು. ಚಹಾ ಎಂದಾಗ, ಅದೊಂದು ಕುಡಿದೇ ಹೋಗಿದ್ದೆ, ಚಹಾ ಊಟದಲ್ಲಿ ಬರುತ್ತದೆಯೇ ಎಂದು ನನ್ನನ್ನೇ ಕೇಳಿದರು. ಬೆಲ್ಲ ಹಾಕಿದ ಹಾಲಿನ ಚಹಾ ಕುಡಿದು ಕೊಟ್ಟ ರಕ್ತದ ಅಂಕಿ ಖಾಲಿ ಹೊಟ್ಟೆಯ ಅಂಕಿಯಲ್ಲ. ಈ ತಪ್ಪು ಇವರೊಬ್ಬರದಲ್ಲ. ಖಾಲಿ ಹೊಟ್ಟೆಯ ಪರೀಕ್ಷೆ ಎಂದರೆ ಕನಿಷ್ಠ ಎಂಟು ಗಂಟೆ ನೀರಿನ ಹೊರತು ಏನನ್ನೂ ಸೇವಿಸಬಾರದು, ಚಹಾ ಕೂಡ ಕುಡಿಯಬಾರದು ಎಂದು ಬಿಡಿಸಿ ಹೇಳುವ ಪುರುಸೊತ್ತು ಎಷ್ಟೋ ಕಡೆ ಇರುವುದಿಲ್ಲ.

ಮನೆಯಲ್ಲಿ ಮಗ ತಂದಿಟ್ಟ ಗ್ಲೂಕೋಮೀಟರ್ ಒಂದಿತ್ತು, ಬಳಕೆಯಾಗುತ್ತಿರಲಿಲ್ಲ. ಅದಕ್ಕೆ ಬೇಕಾದ ಪರೀಕ್ಷಾ ಪಟ್ಟಿಗಳು ಅಗ್ಗವಲ್ಲ, ಮತ್ತು ಇವರ ಸಂಪಾದನೆ ನೇಯ್ದ ಸೀರೆಯ ಲೆಕ್ಕಕ್ಕೆ ಸಿಗುವಂಥದ್ದು. ಹಾಗಾಗಿ ದಿನಾಲೂ ಚುಚ್ಚಿಕೊಳ್ಳುವ ಬದಲು ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಸಲ ಎಂದು ಗೊತ್ತುಮಾಡಿಕೊಂಡೆವು: ನಾಷ್ಟಾದ ಮೊದಲ ತುತ್ತಿಗೆ ಮುಂಚೆ ಒಂದು, ಆ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಂದು. ಒಂಟಿ ಅಂಕಿಯಿಂದ ಆಹಾರದ ಗುಣ ತಿಳಿಯುವುದಿಲ್ಲ. ಎರಡು ಅಂಕಿಗಳ ನಡುವಿನ ಏರಿಕೆಯೇ ಆ ತಿಂಡಿಯ ಕಥೆ ಹೇಳುತ್ತದೆ. ಕೈಯನ್ನು ಸಾಬೂನಿನಿಂದ ತೊಳೆದು ಒರೆಸಿಕೊಂಡ ಮೇಲೆಯೇ ಚುಚ್ಚಬೇಕೆಂದು ಒತ್ತಿ ಹೇಳಿದೆ, ಏಕೆಂದರೆ ಬೆಲ್ಲವನ್ನೋ ಹಣ್ಣನ್ನೋ ಮುಟ್ಟಿದ ಬೆರಳು ಸುಳ್ಳು ಅಂಕಿ ಕೊಡುತ್ತದೆ. ಮೀಟರಿನ ಮಿತಿಯನ್ನೂ ತಿಳಿಸಿದೆ. ಮನೆಯ ಮೀಟರುಗಳಿಗಿರುವ ಅಂತರರಾಷ್ಟ್ರೀಯ ಮಾನದಂಡವೇ ನೂರಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಹೆಚ್ಚು-ಕಡಿಮೆಯನ್ನು ಒಪ್ಪಿಕೊಳ್ಳುತ್ತದೆ. ಆದ್ದರಿಂದ 165 ಬಂದದ್ದು 175 ಆಯಿತೆಂದು ಗಾಬರಿಯಾಗಬೇಕಿಲ್ಲ. 170 ಮತ್ತು 270ರ ನಡುವಿನ ಅಂತರ ಮಾತ್ರ ಮೀಟರಿನ ತಪ್ಪಾಗಿರಲಾರದು.

ಮೊದಲ ವಾರ ಏನನ್ನೂ ಬದಲಿಸದೆ ಬರೆದುಕೊಂಡು ಬರಲು ಹೇಳಿದ್ದೆ. ಕೇಳಿಕೊಂಡದ್ದು ಒಂದೇ: ಪರೀಕ್ಷೆಯ ದಿನ ಐದೂವರೆಯ ಚಹಾ-ಟೋಸ್ಟನ್ನು ಒಂಬತ್ತರ ಸುಸಲಾದ ಜೊತೆಗೇ ಸೇವಿಸಬೇಕು. ನಿಜವಾದ ಖಾಲಿ ಹೊಟ್ಟೆಯ ಅಂಕಿಗಳು 132, 136, 129 ಬಂದವು. ಸುಸಲಾ, ಮಿರ್ಚಿ, ಟೋಸ್ಟ್, ಬೆಲ್ಲದ ಚಹಾದ ಎರಡು ಗಂಟೆಯ ಅನಂತರ 274, 261, 268. ಊಟವಾದ ಎರಡು ಗಂಟೆಗೆ ಸಕ್ಕರೆ 180ರೊಳಗೆ ಇರಬೇಕೆಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಒಂದು ದಿನ ಮಧ್ಯಾಹ್ನವೂ ಅಳೆಯಿರಿ ಎಂದಿದ್ದೆ. ರೊಟ್ಟಿಯ ಊಟಕ್ಕೆ ಮೊದಲು 188, ಎರಡು ಗಂಟೆಯ ನಂತರ 219. ಅಂದರೆ ಭಾರವೆಂದು ದೂರಿದ್ದ ರೊಟ್ಟಿ 31 ಅಂಕಿ ಏರಿಸಿತ್ತು, ಹಗುರವೆಂದು ನಂಬಿದ್ದ ನಾಷ್ಟಾ ಸರಾಸರಿ 130ಕ್ಕೂ ಹೆಚ್ಚು. ಚೀಟಿಯನ್ನು ನನ್ನ ಮುಂದಿಟ್ಟು ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅನ್ನ ಬಿಟ್ಟು ಅದೇ ಅಕ್ಕಿಯ ಚುರಮುರಿ ತಿಂದೆನಲ್ಲ ಎಂಬುದು ಅವರು ಆಮೇಲೆ ಆಡಿದ ಮೊದಲ ಮಾತು.

ಏಕೆ ಹೀಗಾಗುತ್ತದೆ

ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಕಾಳಿನೊಳಗಿನ ನೀರು ಹಠಾತ್ತನೆ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ, ಮತ್ತು ಆ ಉಬ್ಬಿನಲ್ಲಿ ಪಿಷ್ಟದ ಬಿಗಿಯಾದ ರಚನೆ ಒಡೆದು ಅರಳೆಯಂತೆ ಸಡಿಲಾಗುತ್ತದೆ. ಹಾಗೆ ಸಡಿಲಾದ ಪಿಷ್ಟವನ್ನು ಜೀರ್ಣರಸಗಳು ಕೆಲವೇ ನಿಮಿಷಗಳಲ್ಲಿ ಗ್ಲೂಕೋಸಾಗಿ ಬಿಡಿಸುತ್ತವೆ. ಅದನ್ನು ತಡೆಯುವಷ್ಟು ನಾರು ಚುರಮುರಿಯಲ್ಲಿ ಇಲ್ಲ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ, ಒಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಹೇಳುವ ಗ್ಲೈಸೆಮಿಕ್ ಸೂಚ್ಯಂಕವೆಂಬ ಅಳತೆಯನ್ನು ಮುಂದಿಟ್ಟದ್ದು ಇಂಥ ವ್ಯತ್ಯಾಸವನ್ನು ತೂಗಲೆಂದೇ, ಮತ್ತು ಆ ತಕ್ಕಡಿಯಲ್ಲಿ ಅರಳಿಸಿದ ಅಕ್ಕಿ ಮೇಲಿನ ಸಾಲಿನಲ್ಲಿ ನಿಲ್ಲುತ್ತದೆ.

ಪ್ರಮಾಣದ ಮೋಸವೂ ಇದರಲ್ಲಿ ಸೇರಿದೆ. ಒಣ ಚುರಮುರಿ ಬುಟ್ಟಿ ತುಂಬ ಕಂಡರೂ ನೀರಿನಲ್ಲಿ ತೋಯಿಸಿ ಹಿಂಡಿದ ಕೂಡಲೇ ಕುಗ್ಗುತ್ತದೆ; ಸುಸಲಾ ಮಾಡುವವರೆಲ್ಲರಿಗೂ ಇದು ಗೊತ್ತು. ಅವರ ಮನೆಯಾಕೆ ಅಂಗಡಿಯ ಪ್ಲೇಟಿನಷ್ಟೇ ಸುಸಲಾ ಮನೆಯಲ್ಲಿ ಮಾಡಿ ಒಣ ತೂಕ ನೋಡಿದಾಗ 70 ಗ್ರಾಂ ಬಂತು. ಅದರಲ್ಲಿ 55 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್. ಟೋಸ್ಟ್ ಮತ್ತು ಚಹಾದ ಬೆಲ್ಲವನ್ನು ಸೇರಿಸಿದರೆ ಒಂದು ನಾಷ್ಟಾದಲ್ಲೇ 80 ಗ್ರಾಂ ದಾಟುತ್ತಿತ್ತು. ಸುಸಲಾದ ಮೇಲೆ ಉದುರಿಸುವ ಪುಟಾಣಿ (ಹುರಿಗಡಲೆ) ಹಿಟ್ಟು ಒಳ್ಳೆಯದೇ, ಆದರೆ ಅದು ಎರಡು ಚಮಚಕ್ಕೆ ಮೀರುತ್ತಿರಲಿಲ್ಲ.

ಇನ್ನು ಹೊತ್ತಿನ ಮಾತು. ನಸುಕಿನಲ್ಲಿ ದೇಹ ಎಚ್ಚರಕ್ಕೆ ಸಿದ್ಧವಾಗುವಾಗ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಮುಂತಾದವು ಏರುತ್ತವೆ, ಯಕೃತ್ತು ತನ್ನಲ್ಲಿರುವ ಗ್ಲೂಕೋಸನ್ನು ಹೊರಬಿಡುತ್ತದೆ, ಮತ್ತು ಇನ್ಸುಲಿನ್ನಿನ ಮಾತನ್ನು ಅಂಗಾಂಶಗಳು ಅಷ್ಟಾಗಿ ಕೇಳುವುದಿಲ್ಲ. ಮಧುಮೇಹವಿರುವ ಅನೇಕರಲ್ಲಿ ದಿನದ ಅತಿ ಎತ್ತರದ ಸಕ್ಕರೆ ಕಾಣುವುದು ನಾಷ್ಟಾದ ನಂತರವೇ. ಮಧ್ಯಾಹ್ನ ತಡೆದುಕೊಳ್ಳಬಹುದಾದ ಪಿಷ್ಟ ಮುಂಜಾನೆ ತಡೆಯದೆ ಹೋಗಬಹುದು. ಹಾಗಿದ್ದೂ ನಮ್ಮ ಊರುಗಳ ಮುಂಜಾನೆಯ ತಟ್ಟೆಯಲ್ಲಿ ಸುಸಲಾ, ಅವಲಕ್ಕಿ, ಉಪ್ಪಿಟ್ಟು, ಇಡ್ಲಿ, ಶಿರಾ, ಪೂರಿ ಇಷ್ಟೇ ತಿರುಗುತ್ತವೆ. ಕಾಳು, ಮೊಸರು, ಹಸಿ ಕಾಯಿಪಲ್ಯ ಎಲ್ಲವೂ ಮಧ್ಯಾಹ್ನಕ್ಕೆ ಕಾಯುತ್ತವೆ. ಒಳ್ಳೆಯ ಊಟ ನಮ್ಮಲ್ಲಿದೆ, ಅದು ತಪ್ಪು ಹೊತ್ತಿಗೆ ಬರುತ್ತಿದೆ ಎಂಬುದು ಈ ಪ್ರಕರಣದಲ್ಲಿ ನಾನು ಹಿಡಿದ ಎಳೆ.

ಬದಲಾವಣೆಯ ವಾರಗಳು

ಎರಡನೇ ವಾರ ಟೋಸ್ಟ್ ಮತ್ತು ಚಹಾದ ಬೆಲ್ಲ ನಿಂತವು. ಸಿಹಿಯಿಲ್ಲದ ಚಹಾ ಮೊದಲ ನಾಲ್ಕು ದಿನ ಕಹಿ ಎನಿಸಿ, ಆಮೇಲೆ ಶುಂಠಿ ಜಜ್ಜಿ ಹಾಕಿದ ಮೇಲೆ ಒಗ್ಗಿತು. ಸುಸಲಾವನ್ನು ಒಮ್ಮೆಲೇ ಕಸಿದುಕೊಳ್ಳುವುದು ಸರಿಯಲ್ಲವೆನಿಸಿ, ಒಣ ಚುರಮುರಿಯನ್ನು 30 ಗ್ರಾಂಗೆ ಇಳಿಸಿ, ಅಷ್ಟೇ ಜಾಗವನ್ನು ಮೊಳಕೆ ಬರಿಸಿ ಬೇಯಿಸಿದ ಮಡಿಕೆ ಕಾಳು, ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ-ಸೌತೆಕಾಯಿಯಿಂದ ತುಂಬಲು ಹೇಳಿದೆ. ಖಾಲಿ ಹೊಟ್ಟೆಗೆ 131, ಎರಡು ಗಂಟೆಗೆ 203. ಏರಿಕೆ ಅರ್ಧದಷ್ಟಾಗಿತ್ತು, ಗುರಿ ಇನ್ನೂ ದೂರವಿತ್ತು. ಆ ವಾರವೇ ಬೀಗರೊಬ್ಬರು ಹೇಳಿದರೆಂದು ಒಂದು ದಿನ ಬೆಲ್ಲ ಹಾಕಿದ ರಾಗಿ ಅಂಬಲಿ ಕುಡಿದು ಅಳೆದಿದ್ದರು: 128ರಿಂದ 246. ರಾಗಿ ಒಳ್ಳೆಯ ಧಾನ್ಯವಾದರೂ ನುಣ್ಣಗೆ ಬೀಸಿ, ನೀರಾಗಿ ಕಾಯಿಸಿ, ಬೆಲ್ಲ ಬೆರೆಸಿ ಕುಡಿದಾಗ ಜಗಿಯುವ ಕೆಲಸವೂ ಇಲ್ಲ, ಹೊಟ್ಟೆಯಲ್ಲಿ ನಿಲ್ಲುವ ಕಾಲವೂ ಇಲ್ಲ. ಧಾನ್ಯದ ಹೆಸರಿನಷ್ಟೇ ಅದನ್ನು ಮಾಡುವ ರೀತಿಯೂ ಮುಖ್ಯವೆಂದು ನಾನು ಹೇಳಬೇಕಾಗಲಿಲ್ಲ, ಅವರ ಚೀಟಿಯೇ ಹೇಳಿತ್ತು.

ಮೂರನೇ ವಾರ ರೊಟ್ಟಿಯನ್ನು ಮುಂಜಾನೆಗೆ ತಂದೆವು. ವಿಜಯಪುರದ ಕಡೆಯ ಮಾಲದಂಡಿ ಬಿಳಿಜೋಳವನ್ನೇ ಅವರು ವರ್ಷಕ್ಕಾಗುವಷ್ಟು ತರಿಸಿಡುತ್ತಾರೆ. ಜೋಳದ ಪ್ರತಿ 100 ಗ್ರಾಂನಲ್ಲಿ ಸುಮಾರು 10 ಗ್ರಾಂ ನಾರು, ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಅದೇ 100 ಗ್ರಾಂ ಜೋಳದಲ್ಲಿ 68 ಗ್ರಾಂನಷ್ಟು ಕಾರ್ಬೋಹೈಡ್ರೇಟೂ ಇದೆ ಎಂಬುದನ್ನು ಮರೆಯಬಾರದು. ಮೊದಲ ದಿನ, ರೊಟ್ಟಿ ತಿನ್ನಲು ಅಪ್ಪಣೆ ಸಿಕ್ಕಿತೆಂಬ ಸಂತೋಷದಲ್ಲಿ ಮೂರು ಬಿಸಿ ರೊಟ್ಟಿಯನ್ನು ಸ್ವಲ್ಪವೇ ಪಲ್ಯದೊಂದಿಗೆ ತಿಂದರು. ಅಂಕಿ 228 ಆಯಿತು. ಅವರ ಮನೆಯ ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು ಬೀಳುತ್ತಿತ್ತು, ಅಂದರೆ ಒಂದರಲ್ಲಿ 27 ಗ್ರಾಂ ಕಾರ್ಬೋಹೈಡ್ರೇಟ್, ಮೂರರಲ್ಲಿ 81. ರೊಟ್ಟಿ ಎಂದ ಮಾತ್ರಕ್ಕೆ ಲೆಕ್ಕ ಬಿಡುವಂತಿಲ್ಲ.

ಎರಡು ರೊಟ್ಟಿ, ಒಂದು ದೊಡ್ಡ ಬಟ್ಟಲು ಮಡಿಕೆ ಅಥವಾ ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಮೊಸರು, ಒಂದು ಚಮಚ ಅಗಸಿ ಅಥವಾ ಗುರೆಳ್ಳು ಚಟ್ನಿ, ಇವಕ್ಕೆಲ್ಲ ಮೊದಲು ಸೌತೆಕಾಯಿ, ಮೂಲಂಗಿ, ಮೆಂತ್ಯದ ಹಸಿ ಸೊಪ್ಪು ಎಂದು ಕೊನೆಗೆ ನಿಂತೆವು. ಮೊದಲು ಎಂಬ ಮಾತಿಗೆ ಕಾರಣವಿದೆ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದಾಗ ಊಟದ ನಂತರದ ಸಕ್ಕರೆ ಗಣನೀಯವಾಗಿ ತಗ್ಗುತ್ತದೆಂದು ಅಮೆರಿಕದ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ತೋರಿಸಿದ್ದಾರೆ. ಅದು 11 ಜನರ ಮೇಲಿನ ಚಿಕ್ಕ ಅಧ್ಯಯನ, ಆದರೆ ಖರ್ಚಿಲ್ಲದ, ಅಪಾಯವಿಲ್ಲದ ಉಪಾಯವನ್ನು ನಮ್ಮ ತಟ್ಟೆಯಲ್ಲಿ ನೋಡಲು ಅಡ್ಡಿಯಿಲ್ಲ. ರೊಟ್ಟಿಯ ಜೊತೆ ಕಚಕಚ ಕಡಿಯುವ ಹಸಿ ಕಾಯಿಪಲ್ಯವನ್ನು ಐದು ನಿಮಿಷ ಮುಂಚೆ ಶುರುಮಾಡಿದರಾಯಿತು. ಈ ತಟ್ಟೆಯ ನಂತರ ಮೂರು ದಿನದ ಅಂಕಿಗಳು 172, 181, 165. ಹನ್ನೊಂದರ ಹೊತ್ತಿಗೆ ಬರುತ್ತಿದ್ದ ಹಸಿವು ಮತ್ತು ಕಣ್ಣು ಎಳೆಯುವ ಜೋಂಪು ನಿಂತಿತೆಂದು ಅವರೇ ಸೇರಿಸಿದರು.

ಆಹಾರದ ಆಯ್ಕೆ ಹೀಗೆ ಗೊತ್ತಾದರೂ ಅದು ನಡೆಯುವಂತಿರಲಿಲ್ಲ, ಏಕೆಂದರೆ ಆ ಮನೆಯ ಮುಂಜಾನೆ ಯಾರ ಕೈಯಲ್ಲಿದೆ ಎಂದು ನಾನು ಕೇಳಿರಲಿಲ್ಲ. ಐದು ಗಂಟೆಗೆ ಎದ್ದು ನೀರು ತುಂಬಿ, ಮಗ್ಗಕ್ಕೆ ಕಂಡಿಕೆ ಸುತ್ತಿ ಕೊಡುವ ಅವರ ಹೆಂಡತಿಗೆ, ಒಂಬತ್ತರೊಳಗೆ ರೊಟ್ಟಿ ಬಡಿದು ಕಾಳಿನ ಪಲ್ಯ ಮಾಡುವ ಹೊಸ ಕೆಲಸ ಬಿತ್ತು. ಅಂಗಡಿಯ ಸುಸಲಾ ಇಷ್ಟು ವರ್ಷ ನಡೆದದ್ದು ರುಚಿಗಷ್ಟೇ ಅಲ್ಲ, ಆಕೆಯ ಕೈಗೆ ಅಷ್ಟು ಬಿಡುವು ಕೊಡುತ್ತಿತ್ತು ಎಂಬ ಕಾರಣಕ್ಕೂ. ಹತ್ತು ದಿನಕ್ಕೆ ಆಕೆ ದಣಿದು, ಮತ್ತೆ ಅಂಗಡಿಯ ಪ್ಲೇಟು ಬರತೊಡಗಿತು. ದಾರಿ ತೋರಿಸಿದ್ದು ನಾನಲ್ಲ, ಆಕೆಯೇ. ಖಡಕ್ ರೊಟ್ಟಿ ಇದೆಯಲ್ಲ ಎಂದರು. ವಾರಕ್ಕೊಮ್ಮೆ ತೆಳ್ಳಗೆ ಬಡಿದು, ಹಂಚಿನ ಮೇಲೆ ಒಣಗಿಸಿಟ್ಟರೆ ಹದಿನೈದು ದಿನ ಕೆಡದ ರೊಟ್ಟಿ; ಒಂದಕ್ಕೆ 35 ಗ್ರಾಂ ಹಿಟ್ಟು ಸಾಕಾಗುವುದರಿಂದ ಪ್ರಮಾಣವೂ ತಾನಾಗಿ ಇಳಿಯಿತು. ರಾತ್ರಿ ಊಟಕ್ಕೆ ಮಾಡಿದ ಕಾಳಿನ ಪಲ್ಯದಲ್ಲಿ ಒಂದು ಬಟ್ಟಲು ತೆಗೆದಿಡುವುದು, ಮೊಸರು ಹೆಪ್ಪಾಗಿಯೇ ಇರುತ್ತದೆ, ಸೌತೆಕಾಯಿ ಹೆಚ್ಚುವುದು ಗಂಡನ ಪಾಲಿನ ಕೆಲಸ. ಡಬ್ಬಿ ಕಟ್ಟಲು ಹತ್ತು ನಿಮಿಷ ಸಾಕಾಯಿತು. ಮಧುಮೇಹದ ಪಥ್ಯ ಬರೆದುಕೊಡುವ ನಾವು ಅದನ್ನು ಬೇಯಿಸುವವರನ್ನು ಎದುರಿಗೆ ಕೂರಿಸಿಕೊಳ್ಳದೆ ಬರೆಯುವುದು ದೊಡ್ಡ ಲೋಪವೆಂದು ನಾನು ಈಗ ಖಚಿತವಾಗಿ ನಂಬಿದ್ದೇನೆ.

ಶ್ರಾವಣದ ಸೋಮವಾರ

ಮೂರನೇ ತಿಂಗಳಲ್ಲಿ ಆದ ಒಂದು ಘಟನೆಯನ್ನು ಮುಚ್ಚಿಡುವಂತಿಲ್ಲ. ಶ್ರಾವಣ ಸೋಮವಾರದ ಉಪವಾಸವೆಂದು ನಾಷ್ಟಾ ಬಿಟ್ಟ ಅವರು, ಮಾತ್ರೆ ತಪ್ಪಿಸಬಾರದೆಂಬ ಶ್ರದ್ಧೆಯಿಂದ ಗ್ಲಿಮೆಪಿರೈಡನ್ನು ಎಂದಿನಂತೆ ನುಂಗಿ, ಸಿಹಿಯಿಲ್ಲದ ಚಹಾ ಕುಡಿದು ಮಗ್ಗಕ್ಕೆ ನಿಂತರು. ಹತ್ತೂವರೆಗೆ ಕೈ ನಡುಗಿ, ಮೈ ಬೆವೆತು, ಕಣ್ಣು ಮಂಜಾಯಿತು. ಪಕ್ಕದ ಮಗ್ಗದವರು ಹಿಡಿದು ಕೂರಿಸಿದರು. ಮಗ ಮೀಟರ್ ತಂದು ನೋಡಿದಾಗ 58. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅದು ತಕ್ಷಣ ಸರಿಪಡಿಸಬೇಕಾದ ಸ್ಥಿತಿ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ನೋಡಿದಾಗ 84 ಆಗಿತ್ತು, ಆಮೇಲೆ ರೊಟ್ಟಿ ಊಟ ಮಾಡಿಸಿದರು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹೊರಡಿಸುವ ಔಷಧಿ. ಹೊಟ್ಟೆಗೆ ಆಹಾರ ಬಂದರೂ ಬಾರದಿದ್ದರೂ ಅದು ತನ್ನ ಕೆಲಸ ಮಾಡುತ್ತದೆ. ಮೊದಲು ಬೆಲ್ಲದ ಚಹಾ, ಟೋಸ್ಟ್ ಇದ್ದಾಗ ಉಪವಾಸದ ದಿನವೂ ಸಕ್ಕರೆ ಇಷ್ಟು ಕುಸಿಯುತ್ತಿರಲಿಲ್ಲ. ನಾವು ಅವನ್ನು ತೆಗೆದಿದ್ದೆವು, ಮತ್ತು ಉಪವಾಸ ಮಾಡುವಿರೇ ಎಂದು ನಾನು ಕೇಳಿರಲಿಲ್ಲ. ಅದು ನನ್ನ ಕಡೆಯ ತಪ್ಪು. ಅವರ ವೈದ್ಯರು ಮೂರು ತಿಂಗಳ ಅಂಕಿಗಳನ್ನು ನೋಡಿ ಆ ಮಾತ್ರೆಯನ್ನು ಅರ್ಧಕ್ಕಿಳಿಸಿದರು, ನಾಷ್ಟಾ ಇಲ್ಲದ ದಿನ ಅದನ್ನು ತೆಗೆದುಕೊಳ್ಳಬಾರದೆಂದು ಬರೆದುಕೊಟ್ಟರು. ಮುಂಜಾನೆಯ ಆಹಾರದಲ್ಲಿ ಪಿಷ್ಟ ಕಡಿಮೆ ಮಾಡುವವರು, ಇಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಬದಲಾವಣೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ತಾವಾಗಿ ಮಾತ್ರೆ ಬಿಡಬಾರದು.

ನಾಲ್ಕನೇ ತಿಂಗಳ ಕೊನೆಯಲ್ಲಿ ಎಚ್‌ಬಿಎ1ಸಿ 7.5. ಕೆಂಪು ರಕ್ತಕಣಗಳ ಆಯುಷ್ಯ ಸುಮಾರು 120 ದಿನವಾದ್ದರಿಂದ ಈ ಅಂಕಿಯಲ್ಲಿ ಹೊಸ ನಾಷ್ಟಾದ ದಿನಗಳೇ ಬಹುಪಾಲು ಸೇರಿವೆ. ಇಡೀ ಇಳಿಕೆಯನ್ನು ರೊಟ್ಟಿ-ಕಾಳಿನ ಲೆಕ್ಕಕ್ಕೇ ಬರೆಯುವುದು ಪ್ರಾಮಾಣಿಕವಲ್ಲ. ಈ ನಾಲ್ಕು ತಿಂಗಳಲ್ಲಿ ರಾತ್ರಿಯ ಮೆಟ್‌ಫಾರ್ಮಿನ್ ಮರೆಯುವುದು ತಪ್ಪಿತು, ನಾಷ್ಟಾದ ನಂತರ ಮಗ್ಗದ ಶೆಡ್ಡಿನ ಸುತ್ತ ಹದಿನೈದು ನಿಮಿಷ ನಡೆಯುವ ರೂಢಿ ಬಂತು, ತೂಕ ಎರಡು ಕಿಲೋ ಇಳಿಯಿತು. ಆದರೂ ಗ್ಲಿಮೆಪಿರೈಡ್ ಅರ್ಧಕ್ಕಿಳಿದ ಮೇಲೆಯೂ ನಾಷ್ಟಾದ ನಂತರದ ಅಂಕಿ 180ರ ಆಸುಪಾಸಿನಲ್ಲೇ ನಿಂತಿರುವುದು ತಟ್ಟೆಯ ಕೆಲಸವೆಂದೇ ನನ್ನ ಅಭಿಪ್ರಾಯ. ತಿಂಗಳಿಗೆರಡು ಸಲ ಸುಸಲಾ ಈಗಲೂ ಇದೆ, ಅರ್ಧ ಪ್ಲೇಟು, ಕಾಳು ಬೆರೆಸಿ.

ಖಾಲಿ ಹೊಟ್ಟೆಯ ಅಂಕಿ ಮಾತ್ರ 130ರ ಸುತ್ತಲೇ ಇದೆ. ಅದು ನಾಷ್ಟಾದಿಂದ ಇಳಿಯುವಂಥದ್ದಲ್ಲ. ಹತ್ತೂವರೆಯ ರಾತ್ರಿಯೂಟವನ್ನೂ ಅದರ ಹಿಂದೆಯೇ ಮಲಗುವುದನ್ನೂ ಮುಂದಿನ ಭೇಟಿಯಲ್ಲಿ ನೋಡಬೇಕಿದೆ, ಮಗ್ಗದ ಎರಡನೇ ಪಾಳಿ ಮುಗಿಯುವ ಹೊತ್ತನ್ನು ಬರೆದುಕೊಂಡು ಬರಲು ಹೇಳಿದ್ದೇನೆ. ಕೊನೆಯ ಭೇಟಿಯ ದಿನ ಅವರ ಹೆಂಡತಿಯ ರಕ್ತವನ್ನೂ ಕೊಡಿಸಿದೆವು. ಆಕೆಯ ಎಚ್‌ಬಿಎ1ಸಿ 6.1 ಬಂತು, ಮಧುಮೇಹದ ಹೊಸ್ತಿಲಿನ ಅಂಕಿ. ಇಷ್ಟು ವರ್ಷ ಎಲ್ಲರಿಗೂ ಬಡಿಸಿದ ಮೇಲೆ ಎರಡು ಟೋಸ್ಟ್ ಅದ್ದಿಕೊಂಡು ಚಹಾ ಕುಡಿಯುವುದೇ ಆಕೆಯ ನಾಷ್ಟಾ ಆಗಿತ್ತು. ಈಗ ಮುಂಜಾನೆ ಎರಡು ಡಬ್ಬಿ ಕಟ್ಟುತ್ತಾರೆ.